ದೇವರಿಗೆ ಎದುರಾಡಿದ ನಾಯಿಕೆಯರು

ಕಾಲೇಜಿನ ವಿದ್ಯಾರ್ಥಿನಿಯರ ಕೈಯಲ್ಲಿ ಈಗೀಗ ಕಾಣಸಿಗುವ ಇಂಗ್ಲಿಷ್ ಕಾದಂಬರಿಗಳಲ್ಲಿ ಒಂದು ಜಾತಿಯವು ವಿಶೇಷವಾಗಿ ಕಣ್ಣಿಗೆ ಬೀಳುತ್ತವೆ. ಗಾತ್ರ ಐನೂರು ಆರುನೂರು ಪುಟ. ಮೊದಲ ಹಾಳೆಯಲ್ಲಿ ಇಲ್ಲದ ದೇಶವೊಂದರ ಭೂಪಟ. ರಕ್ಷಾಪುಟದ ಮೇಲೆ ಕತ್ತಿ ಹಿರಿದು ನಿಂತ ತರುಣಿ, ಅವಳ ಹಿಂದೆ ಮೋಡದ ಮರೆಯಲ್ಲಿ ಯಾವುದೋ ದೇವತೆಯ ಕಣ್ಣು. ಇವನ್ನು ಫ್ಯಾಂಟಸಿ ಎನ್ನುತ್ತಾರೆ. ನಮ್ಮ ಆಲಂಕಾರಿಕರಾದರೆ ಅದ್ಭುತರಸಪ್ರಧಾನವಾದ ಕಥನವೆಂದು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಿದ್ದರು. ಅಧ್ಯಾಪಕರ ಕೊಠಡಿಯಲ್ಲಿ ಇವುಗಳ ಪ್ರಸ್ತಾಪ ಬಂದಿತೆಂದರೆ 'ಪಲಾಯನ ಸಾಹಿತ್ಯ' ಎಂಬ ತೀರ್ಪು ಸಿದ್ಧವಾಗಿರುತ್ತದೆ. ಆ ತೀರ್ಪನ್ನು ಕೊಡುವ ಮಹನೀಯರೇ ಗಂಟೆ ಹೊಡೆದೊಡನೆ ಎದ್ದು ಹೋಗಿ ಕುಮಾರವ್ಯಾಸನನ್ನು ಪಾಠ ಮಾಡುತ್ತಾರೆಂಬುದು ಇಲ್ಲಿಯ ಸ್ವಾರಸ್ಯ.

ದೇವತೆಗಳೂ ಇರಬೇಕು, ನಾಯಿಕೆಯೂ ಗಟ್ಟಿಗಿತ್ತಿಯಾಗಿರಬೇಕು, ಅಂಥ ಕಾದಂಬರಿಗಳಲ್ಲಿ ಓದತಕ್ಕವು ಯಾವುವು ಎಂದು ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು. ಪ್ರಶ್ನೆ ಹಗುರವಾಗಿ ಕಂಡರೂ ಹಗುರವಾದುದಲ್ಲ. ಗಟ್ಟಿಗಿತ್ತಿ ಎಂದರೆ ಯಾರು? ನೂರಾರು ಪುಟಗಳ ಉದ್ದಕ್ಕೂ ಸೈನಿಕರ ತಲೆಗಳನ್ನು ತರಿಯುತ್ತ ಹೋಗುವವಳೇ? ಹಾಗಾದರೆ ಅವಳು ಸೀರೆಯುಟ್ಟ ಭೀಮಸೇನನೇ ಹೊರತು ಬೇರೆಯಲ್ಲ. ಅಂಥವಳನ್ನು ನಿರ್ಮಿಸುವುದು ಕಷ್ಟವೂ ಅಲ್ಲ. ಈ ಬಗೆಯ ಪುಸ್ತಕಗಳಲ್ಲಿ ಮುಕ್ಕಾಲುಪಾಲು ಅಂಥವಳಿಂದಲೇ ತುಂಬಿವೆ. ಅವುಗಳಲ್ಲಿ ದೇವತೆಗಳೂ ಹವಾಮಾನದಂತೆ: ಬೇಕಾದಾಗ ಸಿಡಿಲು, ಬೇಡವಾದಾಗ ಮೌನ. ಗಟ್ಟಿತನಕ್ಕೆ ನಾನು ಬೇರೊಂದು ಒರೆಗಲ್ಲನ್ನು ಇಟ್ಟುಕೊಂಡಿದ್ದೇನೆ. ದೇವರು ಎದುರಿಗೆ ನಿಂತು 'ನಿನ್ನನ್ನು ಕೊಡು' ಎಂದಾಗ ಆ ಹೆಣ್ಣು ಏನು ಹೇಳುತ್ತಾಳೆ? ಒಪ್ಪುವಳೋ, ಒಲ್ಲೆನೆನ್ನುವಳೋ, ಚೌಕಾಸಿ ಮಾಡುವಳೋ, ದೂರು ಬರೆಯುವಳೋ? ಈ ಒರೆಗಲ್ಲಿಗೆ ಹಚ್ಚಿದರೆ ದಪ್ಪ ಪುಸ್ತಕಗಳ ರಾಶಿ ಬಹಳ ಬೇಗ ಕರಗುತ್ತದೆ. ಉಳಿಯುವವು ಕೆಲವೇ ಕೆಲವು. ಅವುಗಳ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂಬುದೇ ಈ ಬರಹದ ಉದ್ದೇಶ.

ಮೊದಲು ಹೇಳಬೇಕಾದುದು ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಅವರ 'ದಿ ಟೂಮ್ಸ್ ಆಫ್ ಅಟುವಾನ್'. 1971ರಲ್ಲಿ ಪ್ರಕಟವಾದ ಈ ಕಾದಂಬರಿ ಕಿರಿದು; ಎರಡು ದಿನದ ಓದು. ಬಾಲಕರಿಗಾಗಿ ಬರೆದುದೆಂದು ಅಂಗಡಿಯವರು ಅದನ್ನು ಮಕ್ಕಳ ಕಪಾಟಿನಲ್ಲಿಡುತ್ತಾರೆ. ಆದರೆ ನಾನು ಬಲ್ಲ ದೊಡ್ಡವರ ಕಾದಂಬರಿಗಳಲ್ಲಿ ಇಷ್ಟು ಕತ್ತಲನ್ನು ಒಳಗಿಟ್ಟುಕೊಂಡವು ಹೆಚ್ಚಿಲ್ಲ. ಮರುಭೂಮಿಯ ನಡುವೆ ಒಂದು ಪುರಾತನ ಸನ್ನಿಧಿ. ಅಲ್ಲಿ ಒಂಬತ್ತು ನಿಲುಗಲ್ಲುಗಳು. ಅವುಗಳ ಕೆಳಗೆ ದೀಪ ಹಚ್ಚಬಾರದ ನೆಲಮಾಳಿಗೆ, ಅದರಿಂದ ಮುಂದಕ್ಕೆ ಸುತ್ತಿ ಸುತ್ತಿ ಹೋಗುವ ಚಕ್ರವ್ಯೂಹ. ಅಲ್ಲಿರುವ ದೇವತೆಗಳಿಗೆ ಹೆಸರಿಲ್ಲ. ಅವುಗಳ ಪ್ರಧಾನ ಪೂಜಾರಿಣಿ ಸತ್ತ ರಾತ್ರಿ ಹುಟ್ಟಿದ ಹೆಣ್ಣುಮಗುವನ್ನು ಹುಡುಕಿ, ಅವಳೇ ಇವಳಾಗಿ ಮರಳಿ ಹುಟ್ಟಿದ್ದಾಳೆಂದು ನಂಬಿ, ಎಳವೆಯಲ್ಲಿಯೇ ತಾಯ ಮಡಿಲಿನಿಂದ ತರುತ್ತಾರೆ. ಟೆನಾರ್ ಎಂಬ ಅವಳ ಹೆಸರನ್ನು ಕಿತ್ತುಕೊಂಡು 'ಅರ್ಹಾ' ಎಂದು ಕರೆಯುತ್ತಾರೆ. ನಮ್ಮ ಕಿವಿಗೆ ಆ ಶಬ್ದ ಬೇರೆಯೇ ಅರ್ಥವನ್ನು ಕೊಡುತ್ತದೆ. ಅವರ ಭಾಷೆಯಲ್ಲಿ ಅದಕ್ಕೆ 'ತಿನ್ನಲ್ಪಟ್ಟವಳು' ಎಂದರ್ಥ. ದೇವರು ಉಂಡು ಮುಗಿಸಿದವಳು, ತನ್ನದೆಂಬುದೇನೂ ಉಳಿಯದವಳು.

ಈ ಹುಡುಗಿಯನ್ನು ಲೇಖಕಿ ಮುಗ್ಧೆಯನ್ನಾಗಿ ಮಾಡಲಿಲ್ಲ. ಅದೇ ಇಲ್ಲಿಯ ಹಿರಿಮೆ. ಇನ್ನೂ ಹರೆಯಕ್ಕೆ ಕಾಲಿಡುತ್ತಿರುವಾಗಲೇ ಮೂವರು ಕೈದಿಗಳನ್ನು ದೇವರಿಗೆ ಒಪ್ಪಿಸುವ ಕರ್ತವ್ಯ ಅವಳಿಗೆ ಬರುತ್ತದೆ. ಹೇಗೆ ಸಾಯಿಸಬೇಕೆಂದು ಅವಳೇ ಹೇಳಬೇಕು. ಹೇಳುತ್ತಾಳೆ: ಅನ್ನನೀರಿಲ್ಲದೆ, ಕತ್ತಲಲ್ಲಿ. ಹೇಳಿದ ಮೇಲೆ ಜ್ವರ, ದುಃಸ್ವಪ್ನ. ಅಧಿಕಾರವೆಂಬುದು ಬಲಿಯಾದವಳ ಕೈಗೇ ಕತ್ತಿಯನ್ನು ಕೊಟ್ಟು ಅವಳನ್ನು ತನ್ನವಳನ್ನಾಗಿ ಮಾಡಿಕೊಳ್ಳುವ ಬಗೆಯನ್ನು ಇಷ್ಟು ಮಿತವಾದ ಮಾತಿನಲ್ಲಿ ತೋರಿಸಿದ ಇನ್ನೊಂದು ಕಥೆ ನನಗೆ ತಟ್ಟನೆ ನೆನಪಾಗುತ್ತಿಲ್ಲ. ಮುಂದೆ ಗೆಡ್ ಎಂಬ ಮಂತ್ರವಾದಿ ಒಂದು ಮುರಿದ ಕಡಗದ ಅರ್ಧವನ್ನು ಹುಡುಕುತ್ತ ಕಳ್ಳನಂತೆ ಒಳಗೆ ಬರುತ್ತಾನೆ. ದೀಪ ಹಚ್ಚಬಾರದಲ್ಲಿ ಬೆಳಕು ಮಾಡುತ್ತಾನೆ. ಅವಳು ಆ ಗುಹೆಯ ಚೆಲುವನ್ನು ಕಣ್ಣಾರೆ ಕಾಣುವುದು ಆಗಲೇ. ಅವನನ್ನು ಸೆರೆಹಿಡಿಯುತ್ತಾಳೆ, ಸಾಯಲು ಬಿಡುತ್ತಾಳೆ, ಮತ್ತೆ ನೀರು ಕೊಡುತ್ತಾಳೆ. ಅವನು ಅವಳಿಗೆ ಕೊಡುವುದು ಒಂದೇ, ಅವಳ ಹಳೆಯ ಹೆಸರು.

ಇಲ್ಲೊಂದು ಸೂಕ್ಷ್ಮವುಂಟು. ಆ ಸನ್ನಿಧಿಯಲ್ಲಿ ಕೊಸ್ಸಿಲ್ ಎಂಬ ಇನ್ನೊಬ್ಬ ಪೂಜಾರಿಣಿ ಇದ್ದಾಳೆ. ಅವಳಿಗೆ ಆ ದೇವತೆಗಳಲ್ಲಿ ನಂಬಿಕೆ ಎಂದೋ ಸತ್ತುಹೋಗಿದೆ. ಅಧಿಕಾರದಲ್ಲಿ ಮಾತ್ರ ನಂಬಿಕೆ. ಸಾಮಾನ್ಯ ಲೇಖಕನಾಗಿದ್ದರೆ ಟೆನಾರಳ ಬಿಡುಗಡೆಯನ್ನು 'ದೇವರಿಲ್ಲ' ಎಂಬ ಅರಿವಿನಲ್ಲಿ ಮುಗಿಸಿಬಿಡುತ್ತಿದ್ದ. ಲೆ ಗ್ವಿನ್ ಹಾಗೆ ಮಾಡಲಿಲ್ಲ. ಗೆಡ್ ಹೇಳುವ ಮಾತಿನ ತಾತ್ಪರ್ಯ ಇಷ್ಟು: ಆ ಶಕ್ತಿಗಳು ಇವೆ, ನಿಜವಾಗಿಯೂ ಇವೆ, ಆದರೆ ಇವೆಯೆಂದ ಮಾತ್ರಕ್ಕೆ ಪೂಜೆಗೆ ಯೋಗ್ಯವಲ್ಲ. ಇರುವ ದೇವರಿಗೆ ಬೆನ್ನು ತಿರುಗಿಸುವುದು ಇಲ್ಲದ ದೇವರನ್ನು ಅಲ್ಲಗಳೆಯುವುದಕ್ಕಿಂತ ಎಷ್ಟೋ ಕಠಿನ. ಹೊರಗೆ ಬಂದ ಮೇಲೂ ಟೆನಾರ್ ನಗುವುದಿಲ್ಲ. ಅಳುತ್ತಾಳೆ. ಒಂದು ಗಳಿಗೆ ತನ್ನನ್ನು ಬಿಡಿಸಿದವನನ್ನೇ ಕೊಲ್ಲಲು ಚೂರಿ ಹಿಡಿಯುತ್ತಾಳೆ. ಸ್ವಾತಂತ್ರ್ಯ ಅವಳಿಗೆ ಹೊರೆಯಾಗಿ ಬಂದಿದೆ, ಹೊರಬೇಕಾದವಳು ಅವಳೇ.

ದೇವರಿಗೆ ಬಿಟ್ಟ ಹೆಣ್ಣುಮಗುವಿನ ಕಥೆ ಕರ್ನಾಟಕದ ಓದುಗರಿಗೆ ದೂರದ ಕಲ್ಪನೆಯಲ್ಲ. ಮುತ್ತು ಕಟ್ಟಿಸಿಕೊಂಡ ಹುಡುಗಿಯರನ್ನು ನಮ್ಮ ಉತ್ತರದ ಜಿಲ್ಲೆಗಳು ಕಂಡಿವೆ. ಅದನ್ನು ನಿಷೇಧಿಸಲು 1982ರಲ್ಲಿ ಕಾಯಿದೆಯೇ ಬೇಕಾಯಿತು. ಕಾಯಿದೆ ಬಂದ ಮೇಲೂ ಪದ್ಧತಿ ಒಮ್ಮೆಗೇ ಅಳಿಯಲಿಲ್ಲವೆಂಬುದನ್ನು ಎಲ್ಲರೂ ಬಲ್ಲರು. ಲೆ ಗ್ವಿನ್ ಇದನ್ನು ಮನಸ್ಸಿನಲ್ಲಿಟ್ಟು ಬರೆದರೆಂದು ನಾನು ಹೇಳುತ್ತಿಲ್ಲ. ಆದರೆ ಹೆಸರನ್ನು ಕಳೆದುಕೊಂಡು ದೇವರ ಸೊತ್ತಾದ ಮಗುವಿನ ಒಳಗು ಹೇಗಿರುತ್ತದೆಂಬುದನ್ನು ತಿಳಿಯಬೇಕೆನ್ನುವ ಕನ್ನಡದ ವಿದ್ಯಾರ್ಥಿಗೆ ಈ ಪುಸ್ತಕ ಒಂದು ಕಿಂಡಿಯನ್ನು ತೆರೆಯುತ್ತದೆ.

ಎರಡನೆಯದು ಸಿ. ಎಸ್. ಲೂಯಿಸ್ ಅವರ 'ಟಿಲ್ ವಿ ಹ್ಯಾವ್ ಫೇಸಸ್', 1956ರದು. ಅಪುಲಿಯಸ್ ಎಂಬ ರೋಮನ್ ಯುಗದ ಗದ್ಯಕಾರ ಹೇಳಿದ ಸೈಕಿ ಮತ್ತು ಕ್ಯೂಪಿಡ್ಡರ ಕಥೆಯನ್ನು ಲೂಯಿಸ್ ಸೈಕಿಯ ಕುರೂಪಿ ಅಕ್ಕನ ಬಾಯಿಂದ ಹೇಳಿಸುತ್ತಾರೆ. ಗ್ಲೋಮ್ ಎಂಬ ಪುಟ್ಟ ರಾಜ್ಯ. ಉಂಗಿತ್ ಎಂಬ ಗ್ರಾಮದೇವತೆ. ಅವಳಿಗೆ ಮುಖವಿಲ್ಲ, ಕೇವಲ ಒಂದು ಕರಿಯ ಕಲ್ಲು. ಕ್ಷಾಮ ಬರುತ್ತದೆ, ರೋಗ ಬರುತ್ತದೆ. ಪೂಜಾರಿ ಅರಮನೆಗೆ ಬಂದು ಬಲಿ ಬೇಡುತ್ತಾನೆ. ಬಲಿಯಾಗಬೇಕಾದವಳು ಮನೆಯಲ್ಲಿ ಎಲ್ಲರಿಗಿಂತ ಕಿರಿಯಳು, ಎಲ್ಲರಿಗಿಂತ ಚೆಲುವೆ. ಇಷ್ಟನ್ನು ಓದಿದೊಡನೆ ಕನ್ನಡಿಗನ ಮನಸ್ಸು ಕಲ್ಲನಕೇರಿಗೆ ಓಡದೆ ಇರಲಾರದು. ಅಲ್ಲಿಯೂ ಹೀಗೆಯೇ: ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರಿಲ್ಲ; ಆಹಾರವಾಗಬೇಕಾದವಳು ಕಿರಿಯ ಸೊಸೆ ಭಾಗೀರಥಿ. ತವರಿಗೆ ಹೋಗಿ ಬಂದು, ಕೆರೆಗೆ ಹಾರವಾಗಿ, ಹಾಡಾದಳು. ಒಬ್ಬರೂ 'ಏಕೆ' ಎಂದು ಕೇಳಲಿಲ್ಲ. ದಂಡಿನಿಂದ ಮರಳಿದ ಗಂಡ ಮಾದೇವರಾಯ ಕೂಡ ಕೇಳಲಿಲ್ಲ, ತಾನೂ ಹಾರಿಕೊಂಡ.

ಲೂಯಿಸ್ ಬರೆದುದು ಆ 'ಏಕೆ' ಎಂಬುದನ್ನು. ಒರುಅಲ್ ತನ್ನ ತಂಗಿಯನ್ನು ಕಳೆದುಕೊಂಡವಳು. ಮುಖಕ್ಕೆ ಮುಸುಕು ಹಾಕಿಕೊಂಡು ರಾಣಿಯಾಗುತ್ತಾಳೆ, ದ್ವಂದ್ವಯುದ್ಧದಲ್ಲಿ ಪರರಾಜ್ಯದ ವೀರನೊಬ್ಬನನ್ನು ಕೊಲ್ಲುತ್ತಾಳೆ, ತಂದೆಗಿಂತ ಚೆನ್ನಾಗಿ ರಾಜ್ಯವಾಳುತ್ತಾಳೆ. ಇವೆಲ್ಲ ಅವಳ ಗಟ್ಟಿತನವಲ್ಲ. ಇವೆಲ್ಲ ಅವಳು ತನ್ನಿಂದ ತಾನು ಅಡಗಿಕೊಂಡ ಬಗೆ. ಮುಪ್ಪಿನಲ್ಲಿ ಕುಳಿತು ದೇವತೆಗಳ ಮೇಲೆ ಒಂದು ಆಪಾದನಾಪತ್ರವನ್ನು ಬರೆಯುತ್ತಾಳಲ್ಲ, ಅದೇ ಅವಳ ಗಟ್ಟಿತನ. ಕಾದಂಬರಿಯ ದೊಡ್ಡ ಭಾಗವೇ ಆ ಪತ್ರ. ನಮಗೆ ಕಾಣುವಂತೆ ಏಕೆ ಬರುವುದಿಲ್ಲ, ನಮ್ಮದನ್ನು ಕಿತ್ತುಕೊಂಡು ನಮಗೇ ತಪ್ಪು ಹೊರಿಸುವುದೇಕೆ ಎಂಬುದು ಅವಳ ತಕರಾರಿನ ತಿರುಳು. ಹರಿದಾಸರ ನಿಂದಾಸ್ತುತಿಗಳನ್ನು ಪಾಠ ಹೇಳಿದವನಿಗೆ ಈ ದನಿ ಪರಿಚಿತ. ಆದರೆ ನಿಂದಾಸ್ತುತಿಯಲ್ಲಿ ನಿಂದೆ ಸ್ತುತಿಯಾಗುವುದೆಂದು ಮೊದಲೇ ಗೊತ್ತಿರುತ್ತದೆ. ಒರುಅಲಳ ನಿಂದೆ ನಿಂದೆಯೇ.

ಎರಡನೆಯ ಭಾಗದಲ್ಲಿ ಅವಳು ಒಂದು ದರ್ಶನದಲ್ಲಿ ದೈವದ ನ್ಯಾಯಸ್ಥಾನದ ಎದುರು ನಿಂತು ಆ ದೂರನ್ನು ಓದುತ್ತಾಳೆ. ಓದುತ್ತ ಓದುತ್ತ ತಾನು ಪ್ರೀತಿಯೆಂದುಕೊಂಡಿದ್ದುದರ ಒಳಗೆ ಎಷ್ಟು ಹಸಿವಿತ್ತೆಂಬುದು ಅವಳ ಕಿವಿಗೇ ಕೇಳಿಸುತ್ತದೆ. ತಂಗಿಯನ್ನು ತಾನೂ ತಿಂದವಳೇ! ಇದು ಅದ್ಭುತವಾದ ಘಟ್ಟ. ಆದರೆ ಅನಂತರದ ಶರಣಾಗತಿಯನ್ನು ನಾನು ಪೂರ್ಣವಾಗಿ ಒಪ್ಪಲಾರೆ. ಲೂಯಿಸ್ ಶ್ರದ್ಧಾವಂತ ಕ್ರೈಸ್ತರು. ಅವರಿಗೆ ಕೊನೆಯಲ್ಲಿ ದೇವರೇ ಗೆಲ್ಲಬೇಕಿತ್ತು. ದೂರು ಕೊಟ್ಟವಳ ತಪ್ಪು ಹೊರಬಿದ್ದಿತೆಂದ ಮಾತ್ರಕ್ಕೆ ಬಲಿ ಬೇಡಿದವನ ತಪ್ಪು ಮುಚ್ಚಿಹೋಗುವುದೇ? ತರಗತಿಯಲ್ಲಿ ಚರ್ಚೆಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕಿಲ್ಲ. 'ಕೆರೆಗೆ ಹಾರ'ವನ್ನು ಪಾಠ ಹೇಳುವ ವಾರದಲ್ಲಿ ಈ ಕಾದಂಬರಿಯ ಮೊದಲ ಏಳೆಂಟು ಅಧ್ಯಾಯಗಳ ಕಥೆಯನ್ನು ವಿದ್ಯಾರ್ಥಿಗಳಿಗೆ ಹೇಳಿ ನೋಡಬಹುದೆಂದು ಸಹೋದ್ಯೋಗಿಗಳಿಗೆ ನನ್ನ ಸೂಚನೆ.

ಈಗ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ನಮ್ಮಲ್ಲಿ ಇಂಥ ಸ್ತ್ರೀಯರಿಲ್ಲವೇ? ಇದ್ದಾರೆ. ಲಕ್ಷ್ಮೀಶನ 'ಜೈಮಿನಿ ಭಾರತ'ದ ಪ್ರಮೀಳೆ ಸ್ತ್ರೀರಾಜ್ಯದ ಒಡತಿ. ಯಜ್ಞಾಶ್ವವನ್ನು ಕಟ್ಟಿಹಾಕಿ ಅರ್ಜುನನೊಡನೆ ಕಾದುತ್ತಾಳೆ. ಫ್ಯಾಂಟಸಿಯ ಯಾವ ರಕ್ಷಾಪುಟಕ್ಕೂ ಅವಳು ಹೊಂದುತ್ತಾಳೆ. ಆದರೆ ಯುದ್ಧದ ನಡುವೆ ಅಶರೀರವಾಣಿಯೊಂದು ಬಂದು ಅವಳನ್ನು ಮದುವೆಯಾಗೆಂದು ಅರ್ಜುನನಿಗೆ ಹೇಳುತ್ತದೆ. ಅಲ್ಲಿಗೆ ಯುದ್ಧ ಮುಗಿಯಿತು. ಆಕಾಶ ಮಾತನಾಡಿದುದು ಅರ್ಜುನನೊಡನೆ, ಪ್ರಮೀಳೆಯೊಡನೆ ಅಲ್ಲ. ಕುವೆಂಪು ಅವರ 'ಶ್ರೀರಾಮಾಯಣದರ್ಶನಂ' ಈ ದೃಷ್ಟಿಯಿಂದ ಬಹಳ ಮುಂದೆ ಹೋದ ಕಾವ್ಯ. ಊರ್ಮಿಳೆ, ಮಂಥರೆ, ಮಂಡೋದರಿಯರಿಗೆ ಅಲ್ಲಿ ಹೊಸ ಬೆಳಕು ಬಿದ್ದಿದೆ. ಸೀತೆಯ ಅಗ್ನಿಪ್ರವೇಶದಲ್ಲಿ ರಾಮನೂ ಬೆಂಕಿಗಿಳಿಯುತ್ತಾನೆ. ಅದು ಮಹಾಕಾವ್ಯ, ಕಾದಂಬರಿಯಲ್ಲಿ ನಾವು ಹಿಡಿದ ದಾರಿ ಬೇರೆ. ಭೈರಪ್ಪನವರ 'ಪರ್ವ' 1979ರಲ್ಲಿ ಬಂದಾಗ ಮಹಾಭಾರತದಿಂದ ದೇವತೆಗಳನ್ನು ತೆಗೆದು ಮನುಷ್ಯರನ್ನಷ್ಟೇ ಉಳಿಸಿತು. ಅದರಿಂದ ಕುಂತಿ, ದ್ರೌಪದಿಯರ ಸಂಕಟ ನೆಲಕ್ಕಿಳಿದು ನಮ್ಮ ಹತ್ತಿರ ಬಂದುದು ನಿಜ. ಆದರೆ ಕಳೆದುಕೊಂಡುದೂ ಉಂಟು. ದೇವರನ್ನು ಮನೆಯಿಂದ ಹೊರಗೆ ಕಳುಹಿಸಿದ ಮೇಲೆ ಜಗಳಕ್ಕೆ ಎದುರಾಳಿ ಯಾರು? ಚೆನ್ನಮಲ್ಲಿಕಾರ್ಜುನನೇ ಇಲ್ಲವೆಂದ ಮೇಲೆ ಅಕ್ಕಮಹಾದೇವಿ ಅರಮನೆಯನ್ನು ಬಿಟ್ಟು ಹೊರಟ ಆ ನಡಿಗೆ ಒಂದು ಸಂಸಾರದ ಮನಸ್ತಾಪವಾಗಿ ಸಣ್ಣದಾಗುವುದಿಲ್ಲವೇ? ನಾಟಕಕಾರರು ನಮ್ಮಲ್ಲಿ ಇನ್ನೂ ಧೈರ್ಯಶಾಲಿಗಳು. ಕಾರ್ನಾಡರ 'ಹಯವದನ'ದ ಕಾಳಿ ಆಕಳಿಸುತ್ತಲೇ ಆದರೂ ರಂಗದ ಮೇಲೆ ಬರುತ್ತಾಳೆ, ಪದ್ಮಿನಿಯೊಡನೆ ಮಾತನಾಡುತ್ತಾಳೆ. ಕಾದಂಬರಿಕಾರರು ಏಕೆ ಸಂಕೋಚಪಡಬೇಕೋ ತಿಳಿಯದು.

ದೇವರು ಇದ್ದೂ ಹೆಣ್ಣು ದೊಡ್ಡವಳಾಗಬಲ್ಲಳೆಂಬುದಕ್ಕೆ ಲೋಯಿಸ್ ಮೆಕ್‌ಮಾಸ್ಟರ್ ಬುಜೋಲ್ಡ್ ಅವರ 'ಪ್ಯಾಲಡಿನ್ ಆಫ್ ಸೋಲ್ಸ್' ಸಾಕ್ಷಿ. 2003ರಲ್ಲಿ ಬಂದ ಇದಕ್ಕೆ ಹ್ಯೂಗೊ, ನೆಬ್ಯುಲ ಪ್ರಶಸ್ತಿಗಳೆರಡೂ ಸಂದಿವೆ. ನಾಯಿಕೆ ಇಸ್ತಾ ತರುಣಿಯಲ್ಲ. ನಲವತ್ತರ ವಿಧವೆ, ರಾಜಮಾತೆ, ಹುಚ್ಚಿಯೆಂದು ಹೆಸರಾದವಳು. ಸುತ್ತಲಿನವರು ಅವಳನ್ನು ಪ್ರೀತಿಯಿಂದ, ಮರ್ಯಾದೆಯಿಂದ, ಉಸಿರು ಕಟ್ಟುವಂತೆ ಕಾಯುತ್ತಾರೆ. ತಾಯಿಯ ಮರಣದ ನಂತರ ಮನೆಯಿಂದ ಹೊರಬೀಳಬೇಕೆಂಬ ಒಂದೇ ಆಸೆಯಿಂದ ತೀರ್ಥಯಾತ್ರೆಯ ನೆಪ ಹೂಡುತ್ತಾಳೆ. ಭಕ್ತಿಯೇನೂ ಇಲ್ಲ, ದೇವರ ಮೇಲೆ ಅವಳಿಗೆ ಹಳೆಯ ಸಿಟ್ಟು. ಹಿಂದೊಮ್ಮೆ ದೇವರ ಮಾತನ್ನು ನಂಬಿ ನಡೆದ ಪ್ರಯತ್ನದಲ್ಲಿ ಒಂದು ಜೀವ ಹೋಗಿದೆ. ಆ ಸಾವಿನ ಭಾರವನ್ನು ಹೊತ್ತೇ ಬದುಕಿದ್ದಾಳೆ. ನಮ್ಮಲ್ಲಿಯೂ ಎಷ್ಟು ಮಂದಿ ಹೆಂಗಸರಿಗೆ ಮನೆಯಿಂದ ಒಂದಷ್ಟು ದಿನ ಹೊರಗೆ ಹೋಗಲು ದೇವರ ಹೆಸರೊಂದೇ ದಾರಿಯಾಗಿತ್ತು! ಧರ್ಮಸ್ಥಳಕ್ಕೋ ಶ್ರೀಶೈಲಕ್ಕೋ ಹೊರಟವರೆಲ್ಲ ದೇವರಿಗಾಗಿಯೇ ಹೊರಟವರೆಂದು ಹೇಳುವುದು ಕಷ್ಟ.

ಬುಜೋಲ್ಡರು ಕಲ್ಪಿಸಿದ ಲೋಕದಲ್ಲಿ ಐವರು ದೇವತೆಗಳು: ತಂದೆ, ತಾಯಿ, ಮಗ, ಮಗಳು, ಐದನೆಯವನು ಜಾರಜ. ಹೊತ್ತಲ್ಲದ ಹೊತ್ತಿನಲ್ಲಿ ಬರುವ ವಿಪತ್ತುಗಳಿಗೂ, ಅನಾಥರಿಗೂ, ಯಾವ ಕುಟುಂಬದಲ್ಲೂ ಸೇರದವರಿಗೂ ಅವನೇ ಒಡೆಯ. ಕೈಯಲ್ಲಿ ಹೆಬ್ಬೆರಳು ಅವನ ಗುರುತು. ಉಳಿದ ನಾಲ್ಕು ಬೆರಳನ್ನೂ ಮುಟ್ಟಬಲ್ಲುದು ಅದೊಂದೇ ಅಲ್ಲವೇ! ಈ ದೇವತೆಗಳಿಗೆ ಒಂದು ಕಟ್ಟುಂಟು. ಲೋಕದಲ್ಲಿ ಅವರಿಗೆ ಸ್ವಂತ ಕೈಗಳಿಲ್ಲ. ಯಾವನಾದರೊಬ್ಬ ಮನುಷ್ಯ ತನ್ನ ಇಚ್ಛೆಯಿಂದ ಬಾಗಿಲು ತೆರೆದರೆ ಮಾತ್ರ ಅವರು ಒಳಗೆ ಬರಬಲ್ಲರು. ಬಲವಂತ ಮಾಡುವಂತಿಲ್ಲ. ಆದುದರಿಂದ ಅಲ್ಲಿ ದೇವರೇ ಹೆಣ್ಣಿನ ಬಾಗಿಲಿಗೆ ಬಂದು ಬೇಡಬೇಕಾಗುತ್ತದೆ. ಇಸ್ತಾ ಸುಲಭವಾಗಿ ತೆರೆಯುವವಳಲ್ಲ. ವ್ಯಂಗ್ಯವಾಡುತ್ತಾಳೆ, ಬಯ್ಯುತ್ತಾಳೆ, ಹಳೆಯ ಲೆಕ್ಕವನ್ನು ಕೇಳುತ್ತಾಳೆ. ಕೊನೆಗೆ ತೆರೆದಾಗಲೂ ದಾಸಿಯಾಗಿ ಅಲ್ಲ, ಕೆಲಸ ತಿಳಿದವಳಾಗಿ ತೆರೆಯುತ್ತಾಳೆ. ಅವಳಿಗೆ ಎದುರಾಗಿ ನಿಲ್ಲುವವಳೂ ಒಬ್ಬ ವಿಧವೆ ರಾಜಮಾತೆಯೇ ಎಂಬುದನ್ನು ಓದುಗರು ಮರೆಯಬಾರದು. ತನ್ನ ಮಕ್ಕಳ ಇಚ್ಛೆಯನ್ನೇ ದಾರ ಕಟ್ಟಿ ಆಡಿಸುವವಳು ಅವಳು. ದೇವರು ಮಾಡದ ಬಲವಂತವನ್ನು ತಾಯಿ ಮಾಡುತ್ತಾಳೆ. ನಡುವೆ ಕೋಟೆ, ಮುತ್ತಿಗೆ, ಸತ್ತರೂ ಸಾಯದ ಸರದಾರ, ಎಚ್ಚರವಾಗದೆ ಮಲಗಿದ ಅವನ ತಮ್ಮ, ಇವೆಲ್ಲದರ ಕುತೂಹಲವೂ ಧಾರಾಳವಾಗಿದೆ. ಆರಂಭದ ಐವತ್ತು ಪುಟ ನಿಧಾನ, ತಾಳ್ಮೆ ಬೇಕು. ಇದೇ ಲೋಕದ ಮೊದಲ ಕಾದಂಬರಿ 'ದಿ ಕರ್ಸ್ ಆಫ್ ಚಾಲಿಯನ್' 2001ರದು. ಅದನ್ನು ಮೊದಲು ಓದಿದರೆ ಇಸ್ತಾಳ ಸಿಟ್ಟಿನ ಕಾರಣ ಇನ್ನಷ್ಟು ಸ್ಪಷ್ಟವಾಗುತ್ತದೆ.

ತಾಶಾ ಸೂರಿ ಭಾರತೀಯ ಮೂಲದ ಬ್ರಿಟಿಷ್ ಲೇಖಕಿ. ಅವರ 'ದಿ ಜಾಸ್ಮಿನ್ ಥ್ರೋನ್' 2021ರಲ್ಲಿ ಪ್ರಕಟವಾಯಿತು. ಮಾಲಿನಿ, ಪ್ರಿಯಾ, ಭೂಮಿಕಾ ಎಂಬ ಹೆಸರುಗಳು ಇಂಗ್ಲಿಷ್ ಫ್ಯಾಂಟಸಿಯಲ್ಲಿ ಕಂಡಾಗ ನಮ್ಮ ಹುಡುಗಿಯರಿಗೆ ಆಗುವ ಸಂತೋಷವನ್ನು ನಾನು ಬಲ್ಲೆ. ಆದರೆ ಹೆಸರಿಗಾಗಿ ಅದನ್ನು ಶಿಫಾರಸು ಮಾಡುತ್ತಿಲ್ಲ. ಆ ಸಾಮ್ರಾಜ್ಯದಲ್ಲಿ ಹಿಂದೆ ಬೆಂಕಿಗೆ ಬಿದ್ದು ದೇಶವನ್ನು ಉಳಿಸಿದ ಸ್ತ್ರೀಯರನ್ನು ಜ್ವಾಲೆಯ ಮಾತೆಯರೆಂದು ಪೂಜಿಸುತ್ತಾರೆ. ಚಕ್ರವರ್ತಿ ತನ್ನ ತಂಗಿ ಮಾಲಿನಿಗೂ ಅದೇ ಪುಣ್ಯವನ್ನು ಕರುಣಿಸಲು ಚಿತೆಯನ್ನು ಸಿದ್ಧಮಾಡಿಸುತ್ತಾನೆ. ಅವಳ ಸಖಿಯರಿಬ್ಬರು ಏರುತ್ತಾರೆ. ಮಾಲಿನಿ ಒಲ್ಲೆನೆನ್ನುತ್ತಾಳೆ. ಆ ಒಲ್ಲೆನೆಂಬ ಮಾತಿಗೆ ಸೆರೆಮನೆ ಶಿಕ್ಷೆ. ಸೆರೆಮನೆಯೋ ಒಂದು ಪಾಳುಬಿದ್ದ ದೇವಾಲಯ. ಅಲ್ಲಿ ಅವಳ ಸೇವೆಗೆ ಬರುವ ದಾಸಿ ಪ್ರಿಯಾ ಆ ದೇವಾಲಯದಲ್ಲಿಯೇ ಬೆಳೆದ ಮಗು. ಇಬ್ಬರ ನಡುವೆ ಬೆಳೆಯುವ ಪ್ರೇಮವೂ, ಅದಕ್ಕಿಂತ ಹೆಚ್ಚಾಗಿ ಇಬ್ಬರೂ ಒಬ್ಬರನ್ನೊಬ್ಬರು ಪೂರ್ತಿ ನಂಬಲಾರದಿರುವುದೂ ಕಥೆಯನ್ನು ನಡೆಸುತ್ತವೆ.

ನಮ್ಮ ಊರುಗಳ ಹೊರಗೆ, ಹೊಲದ ಬದುವಿನಲ್ಲಿ, ಮಾಸ್ತಿಕಲ್ಲುಗಳು ನಿಂತಿವೆ. ಮೊಳಕೈ ಮಡಿಸಿ ಎತ್ತಿದ ತೋಳು, ತೋಳಿನಲ್ಲಿ ಬಳೆ. ಮಹಾಸತಿಯರಾಗಿ ದೇವತೆಗಳಾದವರ ಗುರುತು ಅದು. ಶಾಸನಗಳನ್ನು ಓದಿಸುವಾಗ ಆ ಕಲ್ಲುಗಳ ಶಿಲ್ಪವನ್ನು ವರ್ಣಿಸುತ್ತೇವೆ, ಕಾಲವನ್ನು ನಿರ್ಣಯಿಸುತ್ತೇವೆ. ಒಲ್ಲೆನೆಂದವಳಿಗೆ ಯಾರು ಕಲ್ಲು ನಿಲ್ಲಿಸಿದರು? ಅವಳು ಇದ್ದಳೆಂಬುದಕ್ಕೂ ದಾಖಲೆಯಿಲ್ಲ. ಇತಿಹಾಸ ಬಿಟ್ಟುಹೋದ ಆ ಹೆಣ್ಣಿನ ಮುಖವನ್ನು ಕಲ್ಪನೆಯಲ್ಲಾದರೂ ನೋಡಬಯಸುವವರಿಗೆ ಮಾಲಿನಿ ಸಿಗುತ್ತಾಳೆ. ಅವಳೇನೂ ಸಾಧ್ವಿಯಲ್ಲ, ಸುಳ್ಳು ಹೇಳುತ್ತಾಳೆ, ಜನರನ್ನು ಕಾಯಿಗಳಂತೆ ನಡೆಸುತ್ತಾಳೆ. ಬದುಕಲೇಬೇಕೆಂದವಳು ಮತ್ತೇನು ಮಾಡಿಯಾಳು? ಇದು ಮೂರು ಸಂಪುಟಗಳ ಕಥೆ. ಕೊನೆಯದು 2024ರಲ್ಲಿ ಬಂದಿದೆ. ಯಕ್ಷರನ್ನು ಇಲ್ಲಿ ಗಿಡಮರಗಳ ಕ್ರೂರ ದೇವತೆಗಳನ್ನಾಗಿ ಮಾಡಿರುವುದು ನಮ್ಮ ಪುರಾಣಜ್ಞರಿಗೆ ಒಪ್ಪಿಗೆಯಾಗದೆ ಹೋಗಬಹುದು. ನನಗೇನೂ ಅಡ್ಡಿಯಿಲ್ಲ.

ಇನ್ನೆರಡು ಹೆಸರುಗಳನ್ನು ಸಂಕ್ಷೇಪವಾಗಿ ಹೇಳಬಹುದು. ಎನ್. ಕೆ. ಜೆಮಿಸಿನ್ ಅವರ 'ದಿ ಹಂಡ್ರೆಡ್ ಥೌಸಂಡ್ ಕಿಂಗ್ಡಮ್ಸ್' (2010) ದೇವತೆಗಳನ್ನೇ ಗುಲಾಮರನ್ನಾಗಿ ಇಟ್ಟುಕೊಂಡ ಒಂದು ರಾಜಮನೆತನದ ಕಥೆ. ಕಲ್ಪನೆ ಭವ್ಯ, ಆದರೆ ನಾಯಿಕೆಯ ಪ್ರಣಯಪ್ರಸಂಗಗಳು ಕಲ್ಪನೆಯ ಎತ್ತರಕ್ಕೆ ಏರಿಲ್ಲ. ಮ್ಯಾಡಲಿನ್ ಮಿಲ್ಲರ್ ಅವರ 'ಸರ್ಸಿ' (2018) ಸೂರ್ಯದೇವನ ಮಗಳಾಗಿ ಹುಟ್ಟಿ, ದ್ವೀಪಕ್ಕೆ ಗಡೀಪಾರಾಗಿ, ಕೊನೆಗೆ ಅಮರತ್ವವನ್ನೇ ಒಲ್ಲೆನೆನ್ನುವವಳ ಆತ್ಮಕಥೆ. ಹೋಮರನ 'ಒಡಿಸ್ಸಿ'ಯ ಹತ್ತನೆಯ ಸರ್ಗದಲ್ಲಿ ಗಂಡಸರನ್ನು ಹಂದಿಗಳನ್ನಾಗಿ ಮಾಡಿದ ಮಾಟಗಾತಿ ಇವಳೇ. ಏಕೆ ಮಾಡಿದಳೆಂಬುದನ್ನು ಮಿಲ್ಲರ್ ಹೇಳಿದ ಮೇಲೆ ಹಂದಿಗಳ ಮೇಲೆ ನಮಗೆ ಮರುಕ ಹುಟ್ಟುವುದಿಲ್ಲ. ಭಾಷೆ ಹಿತವಾಗಿದೆ, ಕೆಲವು ಕಡೆ ಅತಿ ಹಿತವಾಗಿದೆ.

ಕ್ರಮವನ್ನು ಕೇಳುವವರಿಗೆ: ಲೆ ಗ್ವಿನ್‌ರಿಂದ ಆರಂಭಿಸಿ. ಪದವಿ ತರಗತಿಯವರಿಗೆ ಆ ಇಂಗ್ಲಿಷ್ ಕಷ್ಟವಾಗದು, ವಾಕ್ಯಗಳು ಚಿಕ್ಕವು, ಶಬ್ದಗಳು ತಿಳಿಯಾದವು. ಅನಂತರ ಸೂರಿ. ಲೂಯಿಸ್ ಅವರನ್ನು ಸ್ನಾತಕೋತ್ತರ ವಿದ್ಯಾರ್ಥಿಗಳು ಬಿಡಬಾರದು. ಬುಜೋಲ್ಡರನ್ನು ನಿಮ್ಮ ತಾಯಂದಿರಿಗೂ ಓದಿ ಹೇಳಬಹುದು; ಇಸ್ತಾಳ ತೀರ್ಥಯಾತ್ರೆಯ ಮರ್ಮ ನಿಮಗಿಂತ ಅವರಿಗೆ ಬೇಗ ತಿಳಿಯುತ್ತದೆ. ಟೆನಾರ್ ಮುಂದೆ ಏನಾದಳೆಂಬುದನ್ನು ಲೆ ಗ್ವಿನ್ ಹತ್ತೊಂಬತ್ತು ವರ್ಷಗಳ ನಂತರ, 1990ರಲ್ಲಿ, 'ಟೆಹಾನು' ಎಂಬ ಕಾದಂಬರಿಯಲ್ಲಿ ಬರೆದರು. ಅಲ್ಲಿ ಅವಳು ರೈತನ ವಿಧವೆ. ಬೆಂಕಿಗೆ ನೂಕಲ್ಪಟ್ಟು ಅರ್ಧ ಸುಟ್ಟ ಒಂದು ಹೆಣ್ಣುಮಗುವನ್ನು ಸಾಕುತ್ತಿದ್ದಾಳೆ. ಅಡಿಗೆ, ಆಡು, ತೋಟ, ನೆರೆಹೊರೆಯ ಮಾತು, ಇವೇ ಅವಳ ದಿನಗಳು. ಮೊದಲ ಪುಸ್ತಕವನ್ನು ಮುಗಿಸಿದ ಉತ್ಸಾಹದಲ್ಲಿ ಇದನ್ನು ಕೈಗೆತ್ತಿಕೊಂಡರೆ ಹುಡುಗಿಯರಿಗೆ ನಿರಾಶೆಯಾಗುವುದು ಸಹಜ. ಕೊಂಡು ಇಟ್ಟುಕೊಳ್ಳಿ, ನಲವತ್ತರ ಹತ್ತಿರ ಬಂದಾಗ ತೆಗೆಯಿರಿ.